ದ್ವೀಪದಿಂದ ಮರಳಿ ಬಂದ ‘ಆಕ್ಸ್‌ಫರ್ಡ್’

ಸೇಂಟ್ ಹೆಲೆನಾ ಎಂದೊಡನೆ ನೆನಪಾಗುವುದು ನೆಪೋಲಿಯನ್. ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ಆಫ್ರಿಕಾದ ಕರಾವಳಿಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಈ ಪುಟ್ಟ ದ್ವೀಪಕ್ಕೆ ಬ್ರಿಟಿಷರು 1815ರಲ್ಲಿ ಅವನನ್ನು ಗಡೀಪಾರು ಮಾಡಿದರು. 1821ರಲ್ಲಿ ಅವನು ಅಲ್ಲಿಯೇ ತೀರಿಕೊಂಡ. ಒಮ್ಮೆ ಅಲ್ಲಿಗೆ ಹೋದದ್ದು ಹಿಂದಿರುಗುವುದು ಸುಲಭವಲ್ಲ. ಮನುಷ್ಯರಿಗಷ್ಟೇ ಅಲ್ಲ, ವಾಹನಗಳಿಗೂ ಈ ಮಾತು ಸಲ್ಲುತ್ತದೆ. 2017ರ ಅಕ್ಟೋಬರಿನಲ್ಲಿ ನಿಯತ ವಿಮಾನ ಸಂಚಾರ ಆರಂಭವಾಗುವವರೆಗೆ ಆ ದ್ವೀಪವನ್ನು ಹೊರಜಗತ್ತಿಗೆ ಜೋಡಿಸಿದ್ದು ಕೇಪ್‌ಟೌನಿನಿಂದ ಬಂದುಹೋಗುತ್ತಿದ್ದ ಹಡಗೊಂದೇ.

ಇಂಥ ಜಾಗದಲ್ಲಿ ದಶಕಗಳ ಕಾಲ ಕಡಲಗಾಳಿಗೆ ಮೈಯೊಡ್ಡಿ ತುಕ್ಕು ಹಿಡಿದಿದ್ದ ಒಂದು ಲ್ಯಾಂಡ್ ರೋವರ್ 2017ರಲ್ಲಿ ಇಂಗ್ಲೆಂಡಿಗೆ ಮರಳಿತು. ಅದರ ನೋಂದಣಿ ಸಂಖ್ಯೆ ಎಸ್‌ಎನ್‌ಎಕ್ಸ್ 891. ಹೆಸರು ‘ಆಕ್ಸ್‌ಫರ್ಡ್’. ಗುಜರಿ ವ್ಯಾಪಾರಿಯ ತಕ್ಕಡಿಯಲ್ಲಿಟ್ಟರೆ ಹೆಚ್ಚೇನೂ ಬೆಲೆ ಬಾಳದಿದ್ದ ಈ ಬಂಡಿಯನ್ನು ಯಾರ್ಕ್‌ಷೈರಿನ ಹಳೆಯ ವಾಹನಗಳ ಆಸಕ್ತರೊಬ್ಬರು ಕೊಂಡು, ಸಮುದ್ರ ದಾಟಿಸಿ ತಂದು, ಮತ್ತೆ ರಸ್ತೆಗಿಳಿಸಿದರು. ಅದಕ್ಕೆ ಕಾರಣ ತಿಳಿಯಬೇಕಾದರೆ 1955ಕ್ಕೆ ಹೋಗಬೇಕು.

ಆರು ಹುಡುಗರು, ಎರಡು ಬಂಡಿ

ಲಂಡನ್ನಿನಿಂದ ಸಿಂಗಪುರಕ್ಕೆ ನೆಲದ ಮೇಲೇ ಮೋಟಾರಿನಲ್ಲಿ ಹೋಗಬೇಕೆಂಬ ಹುಚ್ಚು ಆಗ ಹಲವರಿಗಿತ್ತು. ಹೊರಟವರೂ ಇದ್ದರು. ಭಾರತದವರೆಗೆ ಬರುವುದು ಅಂಥ ಕಷ್ಟವಲ್ಲ. ಅಲ್ಲಿಂದಾಚೆಗೆ ಬರ್ಮಾದ ಕಾಡು ಅಡ್ಡ ಬರುತ್ತಿತ್ತು. ಈ ಕಾಡನ್ನು ದಾಟಿಯೇ ತೀರುತ್ತೇವೆಂದು ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಆರು ಮಂದಿ ತರುಣರು ಗುಂಪು ಕಟ್ಟಿದರು. ಟಿಮ್ ಸ್ಲೆಸರ್, ಏಡ್ರಿಯನ್ ಕೋವೆಲ್, ಆಂಟನಿ ಬ್ಯಾರಿಂಗ್ಟನ್ ಬ್ರೌನ್, ಹೆನ್ರಿ ನಾಟ್, ಪ್ಯಾಟ್ ಮರ್ಫಿ, ನೈಜೆಲ್ ನ್ಯೂಬೆರಿ — ಇವರೇ ಆ ಆರು ಮಂದಿ. ಕೈಯಲ್ಲಿ ಕಾಸಿರಲಿಲ್ಲ. ಮಾತು ಬಲ್ಲವರಾಗಿದ್ದರು. ರೋವರ್ ಕಂಪನಿಯನ್ನು ಒಪ್ಪಿಸಿ ಎರಡು ಹೊಸ ಲ್ಯಾಂಡ್ ರೋವರ್‌ಗಳನ್ನು ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ತಿಳಿನೀಲಿ ಬಳಿದದ್ದು ‘ಕೇಂಬ್ರಿಜ್’, ಕಡುನೀಲಿ ಬಳಿದದ್ದು ‘ಆಕ್ಸ್‌ಫರ್ಡ್’. ಆಗ ಬಿಬಿಸಿಯಲ್ಲಿ ಕಿರಿಯ ನಿರ್ಮಾಪಕರಾಗಿದ್ದ ಡೇವಿಡ್ ಅಟೆನ್‌ಬರೊ ಅವರಿಂದ ಚಿತ್ರೀಕರಣಕ್ಕೆ ಫಿಲಂ ಸುರುಳಿಗಳು ದೊರೆತವು.

ತಂಡದ ಛಾಯಾಗ್ರಾಹಕ ಬ್ಯಾರಿಂಗ್ಟನ್ ಬ್ರೌನ್ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಶಾಲಾ ವಿಜ್ಞಾನದ ಪುಸ್ತಕಗಳಲ್ಲಿ ವಾಟ್ಸನ್ ಮತ್ತು ಕ್ರಿಕ್ ಇಬ್ಬರೂ ಡಿಎನ್ಎ ಮಾದರಿಯ ಪಕ್ಕ ನಿಂತಿರುವ ಕಪ್ಪು ಬಿಳುಪು ಚಿತ್ರವೊಂದಿರುತ್ತದೆಯಲ್ಲ, 1953ರಲ್ಲಿ ಅದನ್ನು ತೆಗೆದದ್ದು ಈತನೇ.

1955ರ ಸೆಪ್ಟೆಂಬರ್ 1ರಂದು ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಿಂದ ಎರಡು ಬಂಡಿಗಳು ಹೊರಟವು. ಯುರೋಪ್, ತುರ್ಕಿ, ಇರಾಕ್, ಇರಾನ್, ಪಾಕಿಸ್ತಾನಗಳನ್ನು ಹಾದು ಭಾರತಕ್ಕೆ ಬಂದವು. ನೇಪಾಳಕ್ಕೂ ಹೋಗಿ, ಕಲ್ಕತ್ತೆಯನ್ನು ನೋಡಿ, ಅಸ್ಸಾಮಿನ ಲೀಡೊ ತಲುಪಿದವು. ನಿಜವಾದ ಪರೀಕ್ಷೆ ಶುರುವಾದದ್ದು ಅಲ್ಲಿಂದ.

ಕಾಡು ನುಂಗಿದ ರಸ್ತೆ

ಲೀಡೊ ರಸ್ತೆಯ ಕತೆಯೇ ಒಂದು ದೊಡ್ಡ ಕತೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದುಕೊಂಡಾಗ ಚೀನಾಕ್ಕೆ ನೆಲದ ದಾರಿ ಕಡಿದುಹೋಯಿತು. ಅಸ್ಸಾಮಿನ ತುದಿಯಿಂದ ಪಾಟ್ಕಾಯ್ ಬೆಟ್ಟಗಳನ್ನು ಹತ್ತಿಳಿದು, ಉತ್ತರ ಬರ್ಮಾದ ಕಾಡುಗಳನ್ನು ಸೀಳಿಕೊಂಡು ಹೊಸ ರಸ್ತೆಯೊಂದನ್ನು ಮಾಡುವ ಕೆಲಸಕ್ಕೆ ಅಮೆರಿಕನ್ನರು 1942ರಲ್ಲಿ ಕೈಹಾಕಿದರು. ಸುಮಾರು 15,000 ಅಮೆರಿಕನ್ ಸೈನಿಕರು ಇದರಲ್ಲಿ ದುಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ವರ್ಣೀಯರು. ಅವರ ಜೊತೆಗೆ ಭಾರತದ, ಬರ್ಮಾದ ಸಾವಿರಾರು ಕೂಲಿಗಳು. ಮಳೆ, ಭೂಕುಸಿತ, ಮಲೇರಿಯಾ, ಜಪಾನೀ ಗುಂಡು — ಯಾವುದಕ್ಕೂ ಕೊರತೆ ಇರಲಿಲ್ಲ. ಸತ್ತ ಅಮೆರಿಕನ್ನರೇ ಸಾವಿರಕ್ಕೂ ಹೆಚ್ಚು. ಕೂಲಿಗಳ ಸಾವಿನ ಲೆಕ್ಕವನ್ನು ಅಷ್ಟು ಶ್ರದ್ಧೆಯಿಂದ ಯಾರೂ ಇಟ್ಟಂತಿಲ್ಲ. 1945ರ ಜನವರಿಯಲ್ಲಿ ಲೀಡೊದಿಂದ ಹೊರಟ ಮೊದಲ ಲಾರಿಗಳ ಸಾಲು ಫೆಬ್ರವರಿ 4ರಂದು ಚೀನಾದ ಕುನ್ಮಿಂಗ್ ಮುಟ್ಟಿತು. ಒಟ್ಟು ದೂರ 1,700 ಕಿಲೋಮೀಟರಿಗೂ ಹೆಚ್ಚು. ಕೆಲವೇ ತಿಂಗಳಲ್ಲಿ ಯುದ್ಧ ಮುಗಿಯಿತು. ರಸ್ತೆ ಯಾರಿಗೂ ಬೇಡವಾಯಿತು.

ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿಯುವ ಆ ಸೀಮೆಯಲ್ಲಿ ಬೇಡವಾದ ರಸ್ತೆ ಎಷ್ಟು ದಿನ ಉಳಿದೀತು? ಆಗುಂಬೆಯ ಘಾಟಿಯನ್ನು ಹತ್ತು ವರ್ಷ ಯಾರೂ ನೋಡಿಕೊಳ್ಳದೆ ಬಿಟ್ಟರೆ ಏನಾದೀತೆಂದು ಮಲೆನಾಡಿನ ಓದುಗರು ಊಹಿಸಿಕೊಳ್ಳಬಹುದು. ಸೇತುವೆಗಳು ಕೊಚ್ಚಿಹೋಗಿದ್ದವು. ಬಿದಿರು ಮೆಳೆ ರಸ್ತೆಯನ್ನು ಮುಚ್ಚಿತ್ತು. 1,136 ಮೀಟರ್ ಎತ್ತರದ ಪಾಂಗ್ಸಾವ್ ಕಣಿವೆದಾರಿಯನ್ನು ದಾಟಿದ ಈ ಆರು ಮಂದಿ, ಸೇತುವೆಯಿಲ್ಲದ ಹೊಳೆಗಳಲ್ಲಿ ಬಂಡಿಗಳನ್ನು ನೀರಿಗೇ ಇಳಿಸಿದರು. ಹೂತಲ್ಲಿ ವಿಂಚಿನಿಂದ, ಎಂದರೆ ಬಂಡಿಯ ಮುಂದೆ ಕೂರಿಸಿದ ಉಕ್ಕಿನ ಹಗ್ಗದ ರಾಟೆಯಿಂದ, ಎಳೆದು ಮೇಲೆತ್ತಿದರು. ಕೊನೆಗೆ ಬರ್ಮಾ ಮುಗಿಯಿತು. ಥಾಯ್ಲೆಂಡ್, ಮಲಯ ದಾಟಿ 1956ರ ಮಾರ್ಚ್ 6ರಂದು ಸಿಂಗಪುರ ಸೇರಿದರು. ಹೊರಟು ಆರು ತಿಂಗಳು ಆರು ದಿನವಾಗಿತ್ತು. ಸ್ಲೆಸರ್ ಬರೆದ ‘ಫಸ್ಟ್ ಓವರ್‌ಲ್ಯಾಂಡ್’ ಎಂಬ ಪುಸ್ತಕ, ಅವರೇ ತೆಗೆದ ಚಿತ್ರಗಳು ಈ ಪ್ರಯಾಣವನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದವು.

ರೋವರ್ ಕಂಪನಿ ಕಾಸಿಲ್ಲದ ಹುಡುಗರಿಗೆ ಎರಡು ಬಂಡಿ ಕೊಟ್ಟದ್ದು ಬರಿಯ ಔದಾರ್ಯದಿಂದಲ್ಲ. ಲ್ಯಾಂಡ್ ರೋವರ್‌ಗೆ ಆಗಿನ್ನೂ ಏಳು ವರ್ಷ. ಯುದ್ಧಾನಂತರ ಇಂಗ್ಲೆಂಡಿನಲ್ಲಿ ಉಕ್ಕು ಪಡಿತರದ ವಸ್ತುವಾಗಿತ್ತು. ರಫ್ತು ಮಾಡುವವರಿಗೆ ಮಾತ್ರ ಧಾರಾಳವಾಗಿ ಸಿಗುತ್ತಿತ್ತು. ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ವೇಲ್ಸಿನ ಆಂಗಲ್ಸಿಯಲ್ಲಿದ್ದ ತನ್ನ ಜಮೀನಿನಲ್ಲಿ ಯುದ್ಧದ ಹಳೆಯ ವಿಲ್ಲಿಸ್ ಜೀಪೊಂದನ್ನು ಬಳಸುತ್ತಿದ್ದ. ಅದು ಕೆಟ್ಟರೆ ಅಂಥದೇ ಇನ್ನೊಂದು ಎಲ್ಲಿ ಸಿಕ್ಕೀತು ಎಂಬ ಯೋಚನೆಯಿಂದ, ನಾವೇ ಏಕೆ ಮಾಡಬಾರದು ಎಂಬಲ್ಲಿಗೆ ಬಂದ. ಉಕ್ಕು ಸಾಲದ್ದಕ್ಕೆ ಮೈಯನ್ನೆಲ್ಲ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮಿನ ಮೋಟಾರು ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಮೊದಲ ಬಾರಿಗೆ ಕಾಣಿಸಿಕೊಂಡಿತು. ಬೆಲೆ 450 ಪೌಂಡ್. ಒಂದೆರಡು ವರ್ಷದ ಮಟ್ಟಿಗೆ ಎಂದು ಶುರು ಮಾಡಿದ್ದು ಕಂಪನಿಯ ಕಾರುಗಳನ್ನೇ ಮೀರಿಸಿ ಮಾರಾಟವಾಯಿತು. ಅಂಥ ಬಂಡಿಗೆ ಬರ್ಮಾದ ಕಾಡಿಗಿಂತ ಒಳ್ಳೆಯ ಜಾಹೀರಾತು ಎಲ್ಲಿದೆ?

ಅನಂತರದ ಪಾಡು

ಸಿಂಗಪುರ ಕಂಡ ಮೇಲೆ ಎರಡು ಬಂಡಿಗಳ ಹಣೆಬರಹ ಬೇರೆ ಬೇರೆಯಾಯಿತು. ‘ಕೇಂಬ್ರಿಜ್’ ಇನ್ನೊಂದು ಪ್ರಯಾಣದಲ್ಲಿ ಇರಾನಿನ ಕಂದರವೊಂದಕ್ಕೆ ಉರುಳಿತು. ಅಲ್ಲಿಗೆ ಅದರ ಕತೆ ಮುಗಿಯಿತು. ‘ಆಕ್ಸ್‌ಫರ್ಡ್’ ಪಕ್ಷಿಶಾಸ್ತ್ರಜ್ಞರ ಪಾಲಾಯಿತು. ಬ್ರಿಟಿಷ್ ಪಕ್ಷಿಶಾಸ್ತ್ರಜ್ಞರ ಸಂಘ ತನ್ನ ಶತಮಾನೋತ್ಸವದ ಅಂಗವಾಗಿ 1957ರಿಂದ 1959ರವರೆಗೆ ಅಸೆನ್ಷನ್ ದ್ವೀಪದಲ್ಲಿ ಕಡಲ ಹಕ್ಕಿಗಳ ಅಧ್ಯಯನ ನಡೆಸಿದಾಗ ಈ ಬಂಡಿ ಅಲ್ಲಿಗೆ ಹೋಯಿತು. ಅಲ್ಲಿಂದ ಮುಂದೆ ಸೇಂಟ್ ಹೆಲೆನಾ. ಅಲ್ಲಿ ಕೈಯಿಂದ ಕೈಗೆ ದಾಟಿತು. ದುಡಿಯುವಷ್ಟು ದುಡಿಯಿತು, ಕೊನೆಗೆ ನಿಂತಿತು. ಹಾಗೆ ನಿಂತದ್ದೇ ಅದನ್ನು ಉಳಿಸಿತು ಎಂದರೂ ತಪ್ಪಲ್ಲ. ಇಂಗ್ಲೆಂಡಿನಲ್ಲೇ ಇದ್ದಿದ್ದರೆ ಎಂದೋ ಗುಜರಿಗೆ ಹೋಗಿ ಕರಗಿರುತ್ತಿತ್ತು.

ಹಳೆಯ ವಾಹನ ಕೊಳ್ಳುವವರ ಮೊದಲ ತಲೆನೋವು ತುಕ್ಕಲ್ಲ, ಗುರುತು. ಇದೇ ಆ ಬಂಡಿ ಎಂಬುದಕ್ಕೆ ಪುರಾವೆ ಏನು? ಪ್ರಸಿದ್ಧ ವಾಹನವಾದರೆ ಸಂಶಯ ಇನ್ನೂ ಹೆಚ್ಚು. ಅದೇ ವರ್ಷದ ಬೇರೊಂದು ಬಂಡಿಗೆ ಸಂಖ್ಯಾಫಲಕ ತಗುಲಿಸಿ ಕಡುನೀಲಿ ಬಳಿದರೆ ದೂರದಿಂದ ನೋಡುವವರಿಗೆ ಏನು ಗೊತ್ತಾದೀತು? ಆದ್ದರಿಂದ ಜಾಣರು ಮೊದಲು ಹುಡುಕುವುದು ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು. ಅದು ಕಾರ್ಖಾನೆಯ ರವಾನೆ ಪುಸ್ತಕದೊಂದಿಗೆ ತಾಳೆಯಾಗಬೇಕು. ಆಮೇಲೆ ನೋಂದಣಿ ಪುಸ್ತಕ, ಹಳೆಯ ಫೋಟೋಗಳು. ‘ಆಕ್ಸ್‌ಫರ್ಡ್’ ವಿಷಯದಲ್ಲಿ ಒಂದು ಅನುಕೂಲವಿತ್ತು. ಆರು ತಿಂಗಳ ಕಾಲ ಅದನ್ನು ಎಲ್ಲ ಕಡೆಯಿಂದ ಚಿತ್ರ ತೆಗೆದವನು ಬ್ಯಾರಿಂಗ್ಟನ್ ಬ್ರೌನ್‌ನಂಥ ಛಾಯಾಗ್ರಾಹಕ. ಯಾವ ದೀಪ ಎಲ್ಲಿತ್ತು, ಪೆಟ್ರೋಲ್ ಡಬ್ಬಗಳನ್ನು ಎಲ್ಲಿ ಕಟ್ಟಿದ್ದರು ಎಂಬುದಕ್ಕೆಲ್ಲ ಚಿತ್ರಗಳೇ ಸಾಕ್ಷಿ.

ಇಂಗ್ಲೆಂಡಿನ ವಾಹನ ನೋಂದಣಿ ಸಂಸ್ಥೆ ಪುನರ್ನಿರ್ಮಿತ ವಾಹನಗಳಿಗೆ ಬಹುಕಾಲ ಅಂಕ ಪದ್ಧತಿಯೊಂದನ್ನು ಬಳಸಿತು. ಚಾಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್ ಬಾಕ್ಸ್ ವ್ಯವಸ್ಥೆ, ಸ್ಟಿಯರಿಂಗ್ ಪ್ರತಿಯೊಂದಕ್ಕೂ 2. ಎಂಜಿನ್ನಿಗೆ ಬರಿಯ 1. ಒಟ್ಟು 8 ಅಂಕ ಬಂದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು, ಆದರೆ ಚಾಸಿಯ 5 ಅದರಲ್ಲಿ ಇರಲೇಬೇಕು. ನಾವೆಲ್ಲ ವಾಹನದ ಹೃದಯವೆಂದು ತಿಳಿದಿರುವ ಎಂಜಿನ್ನಿಗೆ ಸರ್ಕಾರ ಕೊಟ್ಟ ಬೆಲೆ ಒಂದೇ ಅಂಕ ಎಂಬುದು ಸ್ವಾರಸ್ಯ. ಹೊರಮೈಗೆ ಅದೂ ಇಲ್ಲ.

ತುಕ್ಕಿನ ತರ್ಕ

ಲ್ಯಾಂಡ್ ರೋವರ್ ಅಲ್ಯೂಮಿನಿಯಂ ಆದ್ದರಿಂದ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಇದೆ. ಅರ್ಧ ಮಾತ್ರ ನಿಜ. ಮೈ ಅಲ್ಯೂಮಿನಿಯಂ, ಆದರೆ ಅಡಿಯ ಚಾಸಿ ಉಕ್ಕು. ಎಂಜಿನ್ನಿಗೂ ಕೂರುವವರಿಗೂ ನಡುವಿನ ಗೋಡೆಯೂ ಉಕ್ಕೇ. ದೊಡ್ಡ ಅಚ್ಚುಗಳಿಗೆ ಹಣವಿಲ್ಲದ ಕಾಲದಲ್ಲಿ ಹುಟ್ಟಿದ ಬಂಡಿ ಇದು. ಉಕ್ಕಿನ ನಾಲ್ಕು ಪಟ್ಟಿಗಳನ್ನು ಪೆಟ್ಟಿಗೆಯಂತೆ ಕೂಡಿಸಿ ವೆಲ್ಡಿಂಗ್ ಮಾಡಿ ಚಾಸಿ ಮಾಡಿದರು. ಈ ಪೆಟ್ಟಿಗೆಯೊಳಗೆ ಸೇರಿದ ಕೆಸರು, ತೇವ ಹೊರಗೆ ಬರುವುದೇ ಇಲ್ಲ. ಒಳಗಿನಿಂದ ತಿನ್ನುತ್ತಾ ಬರುವ ತುಕ್ಕು ಹೊರಗೆ ಕಾಣುವ ಹೊತ್ತಿಗೆ ಸುತ್ತಿಗೆಯ ಒಂದು ಏಟಿಗೆ ತೂತು ಬೀಳುವಂತಾಗಿರುತ್ತದೆ.

ಇನ್ನೊಂದು ಕೀಟಲೆ ಇದೆ. ಉಕ್ಕೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ತಾಗಿಕೊಂಡಿರುವಲ್ಲಿ ಉಪ್ಪುನೀರು ಸೇರಿತೆಂದರೆ ಅಲ್ಲಿ ಒಂದು ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ. ಈ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ರಿವೆಟ್ಟಿನ ಸುತ್ತ, ಬೋಲ್ಟಿನ ಅಡಿ ಬಿಳಿಯ ಪುಡಿ ಕಾಣಿಸಿಕೊಂಡು ಹಾಳೆ ಉದುರತೊಡಗುತ್ತದೆ. ಸೇಂಟ್ ಹೆಲೆನಾದಲ್ಲಿ ಉಪ್ಪಿನ ಗಾಳಿಗೆ ಬರವಿಲ್ಲ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಶುರುವಾಗುವುದು ಬಿಚ್ಚುವುದರಿಂದ. ಬಿಚ್ಚಿದ ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ: ಇದನ್ನು ಉಳಿಸುವುದೇ, ಬದಲಿಸುವುದೇ? ಹಳೆಯ ಲ್ಯಾಂಡ್ ರೋವರಿಗೆ ಹೊಸ ಚಾಸಿಯೇ ದುಡ್ಡು ಕೊಟ್ಟರೆ ಸಿಗುತ್ತದೆ. ಹೊಸ ಹಾಳೆ, ಹೊಸ ಬಾಗಿಲು, ಹೊಸ ರಬ್ಬರು ಎಲ್ಲವೂ ಸಿಗುತ್ತವೆ. ಎಲ್ಲವನ್ನೂ ಹಾಕಿದರೆ ಬಂಡಿ ಕಾರ್ಖಾನೆಯಿಂದ ನಿನ್ನೆ ಹೊರಬಂದಂತೆ ಹೊಳೆಯುತ್ತದೆ. ಆದರೆ ಬರ್ಮಾದ ಹೊಳೆಯಲ್ಲಿ ಇಳಿದದ್ದು ಯಾವುದು?

ನಮ್ಮಲ್ಲಿ ದೇವಸ್ಥಾನಗಳ ಜೀರ್ಣೋದ್ಧಾರದ ಹೆಸರಿನಲ್ಲಿ ಏನೇನು ನಡೆದಿದೆ ಎಂದು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಶಾಸನದ ಕಲ್ಲಿಗೆ ಸುಣ್ಣ ಬಳಿದು, ಕೆತ್ತನೆಯ ಕಂಬಕ್ಕೆ ಆಯಿಲ್ ಪೇಂಟ್ ಹಚ್ಚಿ, ನೆಲಕ್ಕೆ ಗ್ರಾನೈಟ್ ಹಾಸಿ ಚೆಂದ ಮಾಡಿದೆವೆಂದು ಸಂತೋಷಪಟ್ಟವರಿದ್ದಾರೆ. ಹಾಗೆಂದು ಬದಲಿಸುವುದೆಲ್ಲ ತಪ್ಪೆನ್ನಲೂ ಬರುವುದಿಲ್ಲ. ತೇರಿನ ಗಾಲಿ ಶಿಥಿಲವಾದರೆ ಹೊಸ ಗಾಲಿ ಹಾಕಿಸುತ್ತಾರೆ. ಅಚ್ಚು ಬದಲಾಗುತ್ತದೆ, ಹಗ್ಗ ಬದಲಾಗುತ್ತದೆ. ಆದರೂ ಊರಿಗೆ ಅದು ಅದೇ ತೇರು. ಏಕೆಂದರೆ ಅದನ್ನು ಎಳೆಯಬೇಕು. ನಿಲ್ಲಿಸಿ ನೋಡುವ ವಸ್ತುವಿಗೆ ಒಂದು ನ್ಯಾಯ, ಓಡಬೇಕಾದ ವಸ್ತುವಿಗೆ ಇನ್ನೊಂದು.

ಲ್ಯಾಂಡ್ ರೋವರ್ ಕಂಪನಿಯೇ ಈ ವಿಷಯದಲ್ಲಿ ಎಚ್ಚರದಿಂದ ನಡೆದುಕೊಂಡ ಉದಾಹರಣೆ ಇದೆ. 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರದರ್ಶಿಸಿದ್ದ ಬಂಡಿ ಎಲ್ಲಿ ಹೋಯಿತೆಂಬುದು ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. 1960ರ ದಶಕದ ಬಳಿಕ ಅದು ರಸ್ತೆ ಕಂಡಿರಲಿಲ್ಲ. ವೇಲ್ಸಿನ ಹೊಲವೊಂದರಲ್ಲಿ ಇಪ್ಪತ್ತು ವರ್ಷ ಬಿದ್ದಿತ್ತು. ದುರಸ್ತಿಗೆಂದು ಯಾರೋ ಕೊಂಡರು, ಅದೂ ಅರ್ಧಕ್ಕೆ ನಿಂತಿತು. ಕೊನೆಗೆ ಸಿಕ್ಕದ್ದು ಸೋಲಿಹಲ್ಲಿನ ಕಾರ್ಖಾನೆಯಿಂದ ಕೆಲವೇ ಮೈಲಿ ದೂರದ ಮನೆಯೊಂದರ ತೋಟದಲ್ಲಿ! ಮಡಿಲಲ್ಲೇ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. 2018ರಲ್ಲಿ, ಲ್ಯಾಂಡ್ ರೋವರ್‌ಗೆ ಎಪ್ಪತ್ತು ತುಂಬಿದಾಗ, ಅದರ ದುರಸ್ತಿಯನ್ನು ಕೈಗೆತ್ತಿಕೊಂಡಾಗ ಕಂಪನಿ ಅದಕ್ಕೆ ಹೊಸ ಬಣ್ಣ ಬಳಿಯಲು ಹೋಗಲಿಲ್ಲ. 1948ರಲ್ಲಿ ಹಚ್ಚಿದ ತಿಳಿಹಸಿರು ಎಷ್ಟು ಉಳಿದಿತ್ತೋ ಅಷ್ಟನ್ನು ಹಾಗೆಯೇ ಕಾಪಾಡಿತು.

ಮಾರಾಟಕ್ಕೆಂದು ತಯಾರಾದ ಮೊತ್ತಮೊದಲ ಲ್ಯಾಂಡ್ ರೋವರ್ ಜೆಯುಇ 477ರದ್ದೂ ಇಂಥದೇ ಕತೆ. ನಾರ್ತಂಬರ್ಲೆಂಡಿನ ಹೊಲದಲ್ಲಿ ಬಿದ್ದು ಬಿಸಿಲು ಮಳೆ ಕಂಡ ಅದನ್ನು ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಕೊಂಡರು. ಪರಿಣತ ಜೂಲಿಯನ್ ಶೂಲ್‌ಹೈಫರ್ ಅದನ್ನು ಸಾಧ್ಯವಾದಷ್ಟೂ ಮೂಲ ಭಾಗಗಳಲ್ಲೇ ಮತ್ತೆ ಕಟ್ಟಿದರು.

ಹೀಗೆ ಕಟ್ಟುವುದು ಹೊಸದನ್ನು ಹಾಕುವುದಕ್ಕಿಂತ ಹಲವು ಪಟ್ಟು ದುಬಾರಿ. ತುಕ್ಕು ತಿಂದಷ್ಟನ್ನೇ ಕತ್ತರಿಸಿ ಅಷ್ಟಕ್ಕೇ ತೇಪೆ ಹಾಕುವ ಟಿಂಕರಿಂಗ್ ಕೆಲಸಕ್ಕೆ ಹಾಳೆಗಿಂತ ಕೈಯ ಬೆಲೆ ಹೆಚ್ಚು. ಅದಕ್ಕೆ ಕೈ ಪಳಗಿದವರು ಈಗ ಇಂಗ್ಲೆಂಡಿನಲ್ಲೂ ಹೆಚ್ಚಿಲ್ಲ.

ಮತ್ತೆ ದಾರಿಗೆ

‘ಆಕ್ಸ್‌ಫರ್ಡ್’ ಮಾತ್ರ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹೋಗಲಿಲ್ಲ. 2019ರ ಆಗಸ್ಟ್ 25ರಂದು, ಮೊದಲ ಪ್ರಯಾಣ ಮುಗಿದ ಸಿಂಗಪುರದಿಂದಲೇ ಹೊರಟು, ಈ ಬಾರಿ ಹಿಂದುಮುಂದಾಗಿ ಲಂಡನ್ನಿನತ್ತ ಮುಖ ಮಾಡಿತು. ಚಿತ್ರ ನಿರ್ಮಾಪಕ ಅಲೆಕ್ಸ್ ಬೆಸ್ಕೋಬಿ ಸಂಘಟಿಸಿದ ಈ ಪ್ರಯಾಣದಲ್ಲಿ ಎಂಬತ್ತು ದಾಟಿದ್ದ ಟಿಮ್ ಸ್ಲೆಸರ್ ಅವರೂ ಕೂರಬೇಕೆಂದಿತ್ತು. ಸಿಂಗಪುರದಲ್ಲಿ ಹೊರಡುವ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತು. ಅವರ ಜಾಗದಲ್ಲಿ ಕೂತದ್ದು ಮೊಮ್ಮಗ ನ್ಯಾಟ್ ಜಾರ್ಜ್. ಮ್ಯಾನ್ಮಾರ್, ಭಾರತಗಳ ಮೂಲಕ ಹಾದು ಏಷ್ಯಾವನ್ನು ದಾಟಿ ಡಿಸೆಂಬರ್ 14ರಂದು ಲಂಡನ್ ಮುಟ್ಟಿದಾಗ ದಾರಿಯಲ್ಲಿ 111 ದಿನಗಳು ಕಳೆದಿದ್ದವು. ಮೊದಲ ಬಾರಿ ಹೋದಾಗಿನ ಹಲವು ಗಡಿಗಳು 2019ರಲ್ಲಿ ಮೋಟಾರು ಪ್ರವಾಸಿಗಳಿಗೆ ತೆರೆದಿರಲಿಲ್ಲ. 1955ರಲ್ಲಿ ಅಡ್ಡ ಬಂದದ್ದು ಕಾಡು, 2019ರಲ್ಲಿ ಕಾಗದ.

ಅರವತ್ತು ದಾಟಿದ ಬಂಡಿಯನ್ನು ಇಷ್ಟು ದೂರ ಓಡಿಸುವುದು ಸರಿಯೇ ಎಂದು ಕೇಳಿದವರಿದ್ದರು. ಕೆಟ್ಟು ನಿಂತರೆ, ‘ಕೇಂಬ್ರಿಜ್’ನಂತೆ ಕಂದರಕ್ಕೆ ಬಿದ್ದರೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನನಗನ್ನಿಸುವಂತೆ, ಓಡಿದ್ದರಿಂದಲೇ ಹೆಸರು ಪಡೆದ ವಾಹನವನ್ನು ನಿಲ್ಲಿಸಿ ಪೂಜಿಸುವುದರಲ್ಲಿ ಅಂಥ ಅರ್ಥವಿಲ್ಲ. ಆಮ್‌ಸ್ಟರ್‌ಡ್ಯಾಮಿನ ಬಂಡಿಗೆ ಹಳೆಯ ಬಣ್ಣವೇ ಚರಿತ್ರೆ, ಇದಕ್ಕೆ ದಾರಿಯೇ ಚರಿತ್ರೆ.

ನಮ್ಮ ದೇಶದಲ್ಲಿ ಇಂಥ ಬಂಡಿಗಳು ಓಡುತ್ತಲೇ ಉಳಿದ ಜಾಗವೊಂದು ಡಾರ್ಜಿಲಿಂಗ್ ಜಿಲ್ಲೆಯಲ್ಲಿದೆ. ಮಾನೇಭಂಜನದಿಂದ ಸಂದಕ್‌ಫುವರೆಗಿನ ಕಡಿದಾದ ಕಲ್ಲುದಾರಿಯಲ್ಲಿ 1950ರ ದಶಕದ ಲ್ಯಾಂಡ್ ರೋವರ್‌ಗಳು ಪ್ರವಾಸಿಗಳನ್ನು ಹೊತ್ತು ದಶಕಗಳ ಕಾಲ ದುಡಿದವು. ಬಿಡಿಭಾಗ ಸಿಗದಾದಾಗ ಅಲ್ಲಿನ ಮೆಕ್ಯಾನಿಕರು ಬೇರೆ ವಾಹನಗಳ ಎಂಜಿನ್ ಕೂರಿಸಿ ನಡೆಸಿದರು. ಇಂಗ್ಲೆಂಡಿನ ಅಂಕ ಪದ್ಧತಿಯಲ್ಲಿ ಅವಕ್ಕೆ ಹೋಗುತ್ತಿದ್ದುದು ಒಂದೇ ಅಂಕ!

ಕರ್ನಾಟಕಕ್ಕೆ ಲ್ಯಾಂಡ್ ರೋವರ್‌ಗಿಂತ ಅದಕ್ಕೆ ಮಾದರಿಯಾದ ಜೀಪೇ ಹತ್ತಿರ. ಯುದ್ಧದ ಬಳಿಕ ಸೇನೆ ವಿಲೇವಾರಿ ಮಾಡಿದ ಜೀಪುಗಳು, ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಗೊಬ್ಬರದ ಚೀಲದಿಂದ ಹಿಡಿದು ಮದುಮಗಳವರೆಗೆ ಎಲ್ಲವನ್ನೂ ಹೊತ್ತಿವೆ. ಎಷ್ಟೋ ಶೆಡ್ಡುಗಳ ಮೂಲೆಯಲ್ಲಿ ಅವು ಈಗಲೂ ಗೋಣಿ ಹೊದ್ದು ನಿಂತಿವೆ.

ಇವುಗಳಿಗೂ ಈಗ ಒಂದು ಕಾನೂನಿದೆ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ಗುರುತಿಸಿತು. ಇವಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯಾಶ್ರೇಣಿ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮರು ನೋಂದಣಿಗೆ 5,000 ರೂಪಾಯಿ. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ಒಯ್ಯುವುದು ಇತ್ಯಾದಿಗೆ ಅವಕಾಶ. ಷರತ್ತು ಒಂದೇ: ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಹೊರಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ನಮ್ಮ ತೋಟದ ಜೀಪುಗಳು ಎಡವುವುದು ಇಲ್ಲಿಯೇ. ಪೆಟ್ರೋಲ್ ದುಬಾರಿಯಾದಾಗ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಹಾಕಿಸಿದವರು ಬೇಕಾದಷ್ಟು ಮಂದಿ. ಕಿತ್ತ ಪೆಟ್ರೋಲ್ ಎಂಜಿನ್ನಿನ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿರುತ್ತದೆ, ಎಂಜಿನ್ ಗುಜರಿಗೆ ಹೋಗಿರುತ್ತದೆ. ಹಳೆಯ ಜೀಪನ್ನು ಹುಡುಕಿಕೊಂಡು ಮಲೆನಾಡಿಗೆ ಹೋಗುವವರು ಮೊದಲು ಬಾನೆಟ್ ಎತ್ತಿ ನೋಡುವುದು ಅದನ್ನೇ. ಅಪ್ಪನ ಕಾಲದ ಎಂಜಿನ್ ಕೊಟ್ಟಿಗೆಯ ಅಟ್ಟದಲ್ಲೋ ಪಂಪಿನ ಮನೆಯಲ್ಲೋ ಇನ್ನೂ ಇದ್ದರೆ, ಜೀಪಿಗಿಂತ ಮೊದಲು ಅದಕ್ಕೇ ಬೆಲೆ ಕಟ್ಟುತ್ತಾರೆ.